ಮೂರೂವರೆ ಗಂಟೆಯ ಬಿಸಿಲಿಗೊಂದು ಮರ

ಯಾವ ಮರ ಹಾಕೋಣ ಅನ್ನುವ ಮುಂಚೆ ನೆರಳು ಎಲ್ಲಿ ಬೀಳಬೇಕು ಅನ್ನುವುದನ್ನು ನೋಡಿಕೊಳ್ಳಿ. ಗೋಡೆ ಕಾದು ಹಂಚಾಗುವುದು ಇಳಿಹೊತ್ತಿನ ಓರೆ ಬಿಸಿಲಿಗೆ, ಅದೂ ಪಶ್ಚಿಮದ ಕಡೆ. ನಡುನೆತ್ತಿಯ ಸೂರ್ಯನನ್ನು ಪಕ್ಕದ ಮರ ತಡೆಯಲಾರದು. ಬೇಸಿಗೆಯ ಒಂದು ದಿನ 10 ಅಡಿ ಗಳುವೊಂದನ್ನು ಪಶ್ಚಿಮದ ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ, ಮೂರೂವರೆಗೆ ಅದರ ನೆರಳಿನ ತುದಿಗೆ ಒಂದು ಕಲ್ಲಿಡಿ. 20 ಅಡಿ ಮರದ ನೆರಳು ಅದರ ಎರಡರಷ್ಟು ದೂರ ಚಾಚುತ್ತದೆ. ಆ ಅಳತೆ ಗೋಡೆ, ಕಿಟಕಿ ಮುಟ್ಟುವಂತೆ ಗುಂಡಿಯ ಜಾಗ ಗುರುತಿಸಿ.

ಹೊಂಗೆ, ಸಂಪಿಗೆ, ರಂಜ ಇವಕ್ಕೆ ಗೋಡೆಯಿಂದ 15 ಅಡಿಯಾದರೂ ಬಿಡಿ. ಮಾವು, ಬೇವು, ನೇರಳೆಗೆ 20ರಿಂದ 25 ಅಡಿ ಬೇಕು. ನೇರಳೆಯ ಕೆಳಗೆ ಕಾರು ನಿಲ್ಲಿಸುವವರು ಕಲೆ ಉಜ್ಜಲೂ ತಯಾರಿರಬೇಕು. ಆಲ, ಅರಳಿ, ಅತ್ತಿಯನ್ನು ಮನೆ ಅಂಗಳಕ್ಕೆ ತರಲೇಬೇಡಿ. ಬೇರು ನೀರು ಹುಡುಕಿಕೊಂಡು ಸಂಪು, ಚರಂಡಿ ಪೈಪಿನ ಬಿರುಕಿಗೆ ನುಗ್ಗುತ್ತದೆ. ಬೇಗ ಬೆಳೆಯುತ್ತದೆಂದು ಗುಲ್‌ಮೊಹರ್ ಹಾಕುವವರಿದ್ದಾರೆ. ಹೂವೇನೋ ಚೆಂದ, ಆದರೆ ಬಿಸಿಲು ಸುಡುವ ಹೊತ್ತಿಗೇ ಎಲೆ ಉದುರಿಸಿ ನಿಂತಿರುತ್ತದೆ, ಗಾಳಿಗೆ ಕೊಂಬೆಯೂ ಮುರಿಯುತ್ತದೆ. ಹೊಂಗೆಯೂ ಎಲೆ ಉದುರಿಸುತ್ತದೆ, ಆದರೆ ಬಿಸಿಲು ಏರುವಷ್ಟರಲ್ಲಿ ಚಿಗುರಿ ತುಂಬಿಕೊಳ್ಳುತ್ತದೆ. ರಂಜ ನಿಧಾನ, ಆದರೆ ವರ್ಷವಿಡೀ ಹಸಿರು. ತಾಳ್ಮೆಯಿದ್ದರೆ ಅದೇ ಸರಿ. ಮೇಲೆ ವಿದ್ಯುತ್ ತಂತಿ ಹಾದಿದ್ದರೆ ಎತ್ತರದ ಮರದ ಯೋಚನೆಯನ್ನೇ ಬಿಡಿ.

ಸಸಿ ಆರಿಸುವಾಗ ಎತ್ತರಕ್ಕೆ ಮರುಳಾಗಬೇಡಿ. ಕೋಲಿಗೆ ಕಟ್ಟಿದ 6 ಅಡಿಯ ಸಣಕಲು ಸಸಿಗಿಂತ, ಬುಡ ಹೆಬ್ಬೆರಳಷ್ಟು ದಪ್ಪವಿರುವ 3 ಅಡಿಯದ್ದು ಬೇಗ ಮುಂದೆ ಹೋಗುತ್ತದೆ. ಚೀಲ ಸೀಳಿದ ಮೇಲೆ ಬೇರನ್ನು ನೋಡಿ. ತಳದಲ್ಲಿ ಸಿಂಬಿಯಂತೆ ಸುತ್ತಿಕೊಂಡಿದ್ದರೆ ಆ ಸುತ್ತನ್ನು ಬಿಡಿಸಿ, ಬಿಡಿಸಲಾಗದ್ದನ್ನು ಕತ್ತರಿಸಿ. ಹಾಗೇ ನೆಟ್ಟರೆ ವರ್ಷಗಳ ನಂತರ ಅದೇ ಬೇರು ದಪ್ಪಗಾಗಿ ಬುಡವನ್ನು ಹಿಸುಕುತ್ತದೆ.

ಗುಂಡಿ ಉದ್ದಗಲ ಆಳ 2 ಅಡಿ, ಗಟ್ಟಿ ನೆಲವಾದರೆ 3 ಅಡಿ ಅಗಲ. ಗುಂಡಿಯ ಗೋಡೆ ನುಣ್ಣಗಿದ್ದರೆ ಬೇರು ಅಲ್ಲೇ ಸುತ್ತು ಹೊಡೆಯುತ್ತದೆ. ಹಾರೆಯಿಂದ ಕೆರೆದು ಒರಟು ಮಾಡಿ. ಮೇಲ್ಮಣ್ಣು ಎರಡು ಪಾಲಿಗೆ ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು. ಹಸಿ ಸಗಣಿ ಬೇರು ಸುಡುತ್ತದೆ. ಕಾಂಡದ ಬುಡ ಅಗಲವಾಗಿ ಬೇರು ಶುರುವಾಗುವ ಜಾಗ ನೆಲದ ಮಟ್ಟಕ್ಕೇ ಇರಲಿ. ಅದನ್ನು ಹೂತರೆ ಬುಡ ಕೊಳೆಯುತ್ತದೆ, ಸಸಿ ಎರಡನೇ ವರ್ಷಕ್ಕೆ ಕಾರಣವೇ ತಿಳಿಯದಂತೆ ಸೊರಗುತ್ತದೆ.

ದಿನಾ ಒಂದು ಚೊಂಬು ನೀರು ಚೆಲ್ಲಿದರೆ ಬೇರು ಮೇಲೆಯೇ ಉಳಿಯುತ್ತದೆ. ಬೇರು ಹಿಡಿದ ಮೇಲೆ ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಎರಡು ಬಕೆಟ್ ನಿಧಾನಕ್ಕೆ ಇಂಗಿಸಿ; ಸಸಿ ದೊಡ್ಡದಾದಂತೆ ಪಾತಿಯನ್ನು ಹೊರಕ್ಕೆ ಸರಿಸುತ್ತಾ ಹೋಗಿ. ಬುಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು ಒಣ ಎಲೆ ಹರವಿ. ಆಸರೆ ಕೋಲಿನ ದಾರ ಸಡಿಲವಿರಲಿ, ವರ್ಷವಾದೊಡನೆ ಬಿಚ್ಚಿಬಿಡಿ.

ಕೆಳಗೆ ಕುರ್ಚಿ ಹಾಕಬೇಕೆಂದು ಕೆಳಕೊಂಬೆಗಳನ್ನು ಒಮ್ಮೆಗೇ ಕಡಿಯಬೇಡಿ, ವರ್ಷಕ್ಕೆ ಒಂದೆರಡು ಸಾಕು. ಎತ್ತರವಾಯಿತೆಂದು ತುದಿ ಮೊಟಕು ಮಾಡುವುದಂತೂ ಬೇಡವೇ ಬೇಡ. ಕಡಿದಲ್ಲಿ ಹೊರಡುವ ಹತ್ತಾರು ಚಿಗುರುಗಳಿಗೆ ಹಿಡಿತ ಕಡಿಮೆ, ಮೊದಲ ಬಿರುಗಾಳಿಗೇ ಕಿತ್ತು ಹೆಂಚಿನ ಮೇಲೆ ಬೀಳುತ್ತವೆ.