ಗರ್ಭನಿರೋಧಕ ನಿಲ್ಲಿಸಿದ ಬಳಿಕ ಗರ್ಭಧಾರಣೆಗೆ ಸಿದ್ಧರಾಗುವುದು ಹೇಗೆ?

ಗರ್ಭನಿರೋಧಕ ಮಾತ್ರೆ ನಿಲ್ಲಿಸಿದ ಮೇಲೆ ಅದರ ಅಂಶ ಮೈಯಿಂದ ಪೂರ್ತಿ ಹೋಗುವವರೆಗೆ ಕೆಲವು ತಿಂಗಳು ಕಾಯಬೇಕೆಂಬ ಮಾತು ಇಂದಿಗೂ ಕೇಳಿಬರುತ್ತದೆ. ಆದರೆ ಮಾತ್ರೆಯ ಹಾರ್ಮೋನು ಕೆಲವೇ ದಿನಗಳಲ್ಲಿ ಹೊರಹೋಗುತ್ತದೆ. ಮೊದಲ ಮುಟ್ಟಿಗೆ ಮುನ್ನವೇ ಗರ್ಭ ನಿಂತರೂ ಅದರಿಂದ ಮಗುವಿಗೆ ಕೆಡುಕಿಲ್ಲ. ಆದ್ದರಿಂದ ಸಿದ್ಧತೆಯನ್ನು ಮಾತ್ರೆ ನಿಲ್ಲಿಸುವ ಮೊದಲೇ ಆರಂಭಿಸಬೇಕು.

ಮೊದಲ ಹೆಜ್ಜೆ ಫೋಲಿಕ್ ಆಮ್ಲ. ದಿನಕ್ಕೆ 400 ಮೈಕ್ರೋಗ್ರಾಂನಂತೆ ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಮೂರು ತಿಂಗಳು ಮೊದಲಿನಿಂದಲೇ ಸೇವಿಸುವುದು ಉತ್ತಮ. ಮುಂದೆ ಮಿದುಳು ಮತ್ತು ಬೆನ್ನುಹುರಿಯಾಗುವ ಶಿಶುವಿನ ನರನಾಳವು ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ಅನೇಕರಿಗೆ ತಾವು ಗರ್ಭಿಣಿಯೆಂಬುದೇ ತಿಳಿದಿರುವುದಿಲ್ಲ. ಮಧುಮೇಹ, ಥೈರಾಯ್ಡ್, ಮೂರ್ಛೆರೋಗಗಳಿಗೆ ಔಷಧ ಸೇವಿಸುತ್ತಿರುವವರು ಅದನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರೊಂದಿಗೆ ಮಾತನಾಡಬೇಕು.

ಗರ್ಭ ನಿಲ್ಲುವ ಸಾಮರ್ಥ್ಯ ಮರಳಲು ಎಷ್ಟು ಸಮಯ ಹಿಡಿಯುತ್ತದೆ ಎಂಬುದು ಬಳಸಿದ ವಿಧಾನವನ್ನು ಅವಲಂಬಿಸಿದೆ. ಮಾತ್ರೆ ಬಿಟ್ಟವರಲ್ಲಿ, ಗರ್ಭಕೋಶದೊಳಗೆ ಇಡುವ ಹಾರ್ಮೋನು ವಂಕಿ ಅಥವಾ ತೋಳಿನ ಚರ್ಮದಡಿಯ ಕಡ್ಡಿಯನ್ನು ತೆಗೆಸಿದವರಲ್ಲಿ ಅಂಡಾಣು ಬಿಡುಗಡೆ ಸಾಮಾನ್ಯವಾಗಿ ಕೆಲವು ವಾರಗಳಿಂದ ಮೂರು ತಿಂಗಳೊಳಗೆ ಮರಳುತ್ತದೆ. ಮೂರು ತಿಂಗಳಿಗೊಮ್ಮೆ ಪಡೆಯುವ ಚುಚ್ಚುಮದ್ದು ಮಾತ್ರ ಬೇರೆ: ಕೊನೆಯ ಚುಚ್ಚುಮದ್ದಿನ ನಂತರ ಗರ್ಭ ನಿಲ್ಲಲು ಒಂಬತ್ತು, ಹತ್ತು ತಿಂಗಳು, ಕೆಲವರಿಗೆ ಅದಕ್ಕಿಂತಲೂ ಹೆಚ್ಚು ಹಿಡಿಯಬಹುದು. ಇದನ್ನು ಬಂಜೆತನವೆಂದು ಭಾವಿಸಿ ನೊಂದುಕೊಳ್ಳುವವರನ್ನು ಕಂಡಾಗ, ಚುಚ್ಚುಮದ್ದು ಕೊಡುವ ದಿನವೇ ಈ ವಿಷಯ ತಿಳಿಸಿದ್ದರೆ ಎಷ್ಟು ಸಂಕಟ ತಪ್ಪುತ್ತಿತ್ತು ಎನಿಸುತ್ತದೆ.

ಮಾತ್ರೆ ನುಂಗುತ್ತಿದ್ದಾಗ ತಿಂಗಳು ತಿಂಗಳೂ ಆಗುತ್ತಿದ್ದ ರಕ್ತಸ್ರಾವವು ಹಾರ್ಮೋನು ನಿಂತ ದಿನಗಳ ಪರಿಣಾಮವೇ ಹೊರತು ಸಹಜ ಮುಟ್ಟಲ್ಲ. ಹಾಗಾಗಿ ಮೊದಲಿದ್ದ ಅನಿಯಮಿತ ಚಕ್ರ ಈಗ ಮತ್ತೆ ಕಾಣಿಸಿಕೊಂಡರೆ, ಮಾತ್ರೆಯೇ ಅದಕ್ಕೆ ಕಾರಣವೆನ್ನಲಾಗದು. ಹಾರ್ಮೋನು ಏರುಪೇರಿನಿಂದ ಅಂಡಾಣು ಬಿಡುಗಡೆ ತಪ್ಪುವ ಪಿಸಿಒಎಸ್‌ನಂತಹ ಸಮಸ್ಯೆ ಅಷ್ಟು ದಿನ ಮರೆಯಾಗಿದ್ದಿರಬಹುದು. ಮುಟ್ಟಾದ ಮೊದಲ ದಿನವನ್ನು ಪ್ರತಿ ತಿಂಗಳೂ ಬರೆದಿಡಿ. ಅಂಡಾಣು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ ಬಿಡುಗಡೆಯಾಗಿ ಹೆಚ್ಚೆಂದರೆ ಒಂದು ದಿನ ಬದುಕುತ್ತದೆ. ವೀರ್ಯಾಣು ಐದು ದಿನಗಳವರೆಗೂ ಜೀವಂತವಿರಬಲ್ಲದು. ಚಕ್ರ ಇನ್ನೂ ಸ್ಥಿರವಾಗಿಲ್ಲದವರು ಲೆಕ್ಕಾಚಾರಕ್ಕೆ ಜೋತುಬೀಳದೆ ಎರಡು ಮೂರು ದಿನಗಳಿಗೊಮ್ಮೆ ಕೂಡಿದರೆ ಸಾಕು.

ಮೂರು ತಿಂಗಳಾದರೂ ಮುಟ್ಟು ಬಾರದಿದ್ದರೆ ಗರ್ಭ ಪರೀಕ್ಷೆ ಮಾಡಿಕೊಂಡು ವೈದ್ಯರನ್ನು ಕಾಣಬೇಕು. ಮುಟ್ಟು ಸರಿಯಾಗಿದ್ದೂ ಗರ್ಭ ನಿಲ್ಲದಿದ್ದರೆ, 35 ವರ್ಷದೊಳಗಿನವರು ಒಂದು ವರ್ಷದ, ಅದಕ್ಕೆ ಮೇಲ್ಪಟ್ಟವರು ಆರು ತಿಂಗಳ ಪ್ರಯತ್ನದ ಬಳಿಕ ತಪಾಸಣೆಗೆ ಹೋಗುವುದು ಸೂಕ್ತ. ಪತಿಯ ವೀರ್ಯ ಪರೀಕ್ಷೆಯೂ ಅದೇ ವೇಳೆಗೆ ಆಗಬೇಕು.