ಕಡಿಮೆ ಬೆಲೆಯ ಪುಟ್ಟ ಲ್ಯಾಪ್‌ಟಾಪ್: ಕರಾವಳಿಯಲ್ಲಿ ದಿನಾ ಬಳಸುವುದು ಹೇಗೆ?

ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಮನೆ ಉಡುಪಿಯಲ್ಲಿ. ವಾರಕ್ಕೆ ಮೂರು ದಿನ ಬಸ್ಸು ಹತ್ತಿ ಮಂಗಳೂರಿಗೆ ಹೋಗುತ್ತೇನೆ. ಉಳಿದ ದಿನ ಕಲ್ಸಂಕ, ಮಲ್ಪೆ, ಮಣಿಪಾಲ ಅಂತ ಓಡಾಟ. ಬ್ಯಾಗಿನಲ್ಲಿ ಕೊಡೆ, ಬುತ್ತಿ, ಜೊತೆಗೆ 11.6 ಇಂಚಿನ ಒಂದು ಲ್ಯಾಪ್‌ಟಾಪ್. ತೂಕ ಒಂದು ಕಿಲೋಗಿಂತ ಸ್ವಲ್ಪ ಜಾಸ್ತಿ. 22 ಸಾವಿರ ಕೊಟ್ಟು ತಂದಾಗ, ‘ಒಂದು ಮಳೆಗಾಲ ದಾಟಿದರೆ ಪುಣ್ಯ’ ಅಂದವರೇ ಹೆಚ್ಚು. ಅದು ಮೂರು ಮಳೆಗಾಲ ದಾಟಿದೆ. ಅದರಿಂದ ಆಗುವ ಕೆಲಸವನ್ನಷ್ಟೇ ಕೊಟ್ಟು, ನಮ್ಮೂರಿನ ತೇವ ಮತ್ತು ಸಿಡಿಲಿನಿಂದ ಕಾಪಾಡಿಕೊಂಡರೆ ಇದು ನಿಜವಾಗಿಯೂ ದುಡಿಯುವ ಯಂತ್ರ.

ಹಂತ 1: ಅಂಗಡಿಯಲ್ಲಿ ಕೇಳಬೇಕಾದ್ದು

ಮೊದಲನೆಯದು ರ‍್ಯಾಮ್. ತೆರೆದಿಟ್ಟ ಕೆಲಸಗಳನ್ನು ಯಂತ್ರ ಹಿಡಿದಿಟ್ಟುಕೊಳ್ಳುವ ಮೆಮೊರಿ ಅದು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಬೇಕು. ಕನಿಷ್ಠ ಅಂದರೆ ಓಡುತ್ತದೆ, ಅಷ್ಟೆ. ಇಂಥ ಪುಟ್ಟ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಹೆಚ್ಚಾಗಿ ಬೋರ್ಡಿಗೇ ಬೆಸುಗೆ ಹಾಕಿರುತ್ತದೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ. ಸಾಧ್ಯವಾದರೆ 8 ಜಿಬಿಯದ್ದನ್ನೇ ತೆಗೆದುಕೊಳ್ಳಿ.

ಎರಡನೆಯದು, ಕಡತಗಳನ್ನು ಉಳಿಸಿಡುವ ಜಾಗ. ‘ಒಳಗಿರುವುದು ಎಸ್‌ಎಸ್‌ಡಿಯಾ, ಇಎಂಎಂಸಿಯಾ?’ ಎಸ್‌ಎಸ್‌ಡಿ ವೇಗದ್ದು. ಇಎಂಎಂಸಿ ಅಂದರೆ ಅಗ್ಗದ ಫೋನಿನಲ್ಲಿರುವಂಥ ಮೆಮೊರಿ. ನಿಧಾನ, ಬದಲಿಸಲೂ ಆಗುವುದಿಲ್ಲ. 64 ಜಿಬಿ ಅಂತ ಬರೆದಿದ್ದರೂ ಅರ್ಧದಷ್ಟನ್ನು ವಿಂಡೋಸೇ ತಿಂದುಬಿಡುತ್ತದೆ.

ಇನ್ನು ಚಾರ್ಜರ್. ಟೈಪ್‌-ಸಿಯಿಂದ ಚಾರ್ಜ್ ಆಗುವುದಾದರೆ ಒಳ್ಳೆಯದು. ಚಾರ್ಜರ್ ಹಾಳಾದರೆ ಬೇರೆಯದು ಎಲ್ಲಿ ಬೇಕಾದರೂ ಸಿಗುತ್ತದೆ.

ಹಳೆಯ ಆಫೀಸ್ ಲ್ಯಾಪ್‌ಟಾಪ್ ಕೊಳ್ಳುವುದೂ ತಪ್ಪಲ್ಲ. ಆದರೆ ಇಂಟೆಲ್ ಪ್ರೊಸೆಸರ್ ಆದರೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದನ್ನು ನೋಡಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಎಂಟನೇ ತಲೆಮಾರಿಗಿಂತ ಹಳೆಯ ಪ್ರೊಸೆಸರ್‌ಗಳಲ್ಲಿ ವಿಂಡೋಸ್ 11 ಸರಿಯಾದ ದಾರಿಯಲ್ಲಿ ಹೋಗಿ ಕೂರುವುದಿಲ್ಲ.

ಹಂತ 2: ಮೊದಲ ದಿನ

ಅಗ್ಗದ ಲ್ಯಾಪ್‌ಟಾಪ್‌ಗಳು ಕೆಲವೊಮ್ಮೆ ‘ಎಸ್ ಮೋಡ್’ನಲ್ಲಿ ಬರುತ್ತವೆ. ಆಗ ಮೈಕ್ರೋಸಾಫ್ಟ್ ಸ್ಟೋರಿನಲ್ಲಿರುವುದನ್ನು ಬಿಟ್ಟು ಬೇರೆ ಏನೂ ಹಾಕಲು ಬಿಡುವುದಿಲ್ಲ. ಲೆಕ್ಕ ಬರೆಯುವ ಟ್ಯಾಲಿ ತಂತ್ರಾಂಶ ಹಾಕಲು ಹೋಗಿ ನಾನು ಅರ್ಧ ದಿನ ಕಳೆದೆ. ಎಸ್ ಮೋಡ್‌ನಿಂದ ಹೊರಬರಲು ದುಡ್ಡು ಕೊಡಬೇಕಿಲ್ಲ. ಆದರೆ ಒಮ್ಮೆ ಬಂದರೆ ವಾಪಸ್ ಹೋಗಲು ಆಗುವುದಿಲ್ಲ.

ಆಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಸ್ಟಾರ್ಟ್‌ಅಪ್’ ಪಟ್ಟಿ ತೆರೆಯಿರಿ. ಸುಮ್ನೆ ತಾವಾಗಿಯೇ ಎದ್ದು ಕೂರುವ ಆ್ಯಪ್‌ಗಳನ್ನು ನಿಲ್ಲಿಸಿ. ವೈರಸ್ ತಡೆಯುವ ಕೆಲಸಕ್ಕೆ ಒಳಗೇ ಇರುವ ಡಿಫೆಂಡರ್ ಸಾಕು. 4 ಜಿಬಿ ಯಂತ್ರಕ್ಕೆ ಇದೊಂದರಿಂದಲೇ ಉಸಿರು ಬರುತ್ತದೆ. ಆದರೂ ತೆವಳುತ್ತಿದೆಯಾ? ನಿಮಗೆ ಬೇಕಿರುವುದು ಬ್ರೌಸರ್ ಮತ್ತು ಬರವಣಿಗೆ ಮಾತ್ರ ಅಂತಾದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಸಿ. ಉಚಿತ, ತುಂಬಾ ಹಗುರ.

ಹಂತ 3: ಕನ್ನಡ ಕೂರಿಸಿಕೊಳ್ಳಿ

ಇದನ್ನು ‘ಆಮೇಲೆ ನೋಡೋಣ’ ಅಂತ ಬಿಡಬೇಡಿ. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ಸುಲಭ ದಾರಿಯೊಂದು ನಮ್ಮ ಕರಾವಳಿಯವರದ್ದೇ. ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯೇ ಕನ್ನಡ ಬರೆಯುವ ತಂತ್ರಾಂಶ ‘ನುಡಿ’ಯ ಕೀಲಿಮಣೆಗೂ ಆಧಾರ. ಇದರಲ್ಲಿ ವ್ಯಂಜನದ ಒಳಗೇ ‘ಅ’ ಇರುತ್ತದೆ. ಪ್ರತಿ ಸಲ ಅದನ್ನು ಒತ್ತಬೇಕಿಲ್ಲ. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಿದರೆ ಆಯಿತು. ‘ಅಕ್ಕ’ ಬೇಕಾದರೆ ಅ, ಕ, ಎಫ್, ಕ. ‘ಮಂಗಳೂರು’ ಬರೆಯಲು ಶಿಫ್ಟ್ ಬಿಟ್ಟು ಏಳು ಕೀಲಿ ಸಾಕು. ಒಂದು ವಾರ ದಿನಾ ಕಾಲು ಗಂಟೆ ಕೂತರೆ ಬೆರಳಿಗೆ ಬರುತ್ತದೆ.

ವಿಂಡೋಸ್‌ಗೆ ‘ನುಡಿ’ ಉಚಿತವಾಗಿ ಸಿಗುತ್ತದೆ. ಲಿನಕ್ಸ್‌ನಲ್ಲಿ ಕೀಲಿಮಣೆಯ ಪಟ್ಟಿಯಲ್ಲಿ ‘ಕಗಪ’ ಅಂತ ಹುಡುಕಿ. ಕನ್ನಡ ಗಣಕ ಪರಿಷತ್ತಿನ ಮೊದಲಕ್ಷರಗಳು ಅವು. ಬರೆಯುವಾಗ ಎಲ್ಲ ಯಂತ್ರದಲ್ಲೂ ಓದಬಹುದಾದ ಯೂನಿಕೋಡ್ ಆರಿಸಿಕೊಳ್ಳಿ. ಹಳೆಯ ಫಾಂಟಿನಲ್ಲಿ ಬರೆದು ಕಳಿಸಿದರೆ, ಆ ಫಾಂಟ್ ಇಲ್ಲದವರಿಗೆ ಬರೀ ಗೀಚು ಕಾಣಿಸುತ್ತದೆ.

ಹಂತ 4: ದಿನದ ಬಳಕೆ

ಬ್ರೌಸರ್‌ನಲ್ಲಿ ಐದಾರು ಟ್ಯಾಬ್ ಸಾಕು. ಜಿಎಸ್‌ಟಿ 3ಬಿ ಎಂಬ ತಿಂಗಳ ರಿಟರ್ನ್ ತುಂಬುವ ದಿನ, ಅಂದರೆ ತಿಂಗಳ 20ರ ಹತ್ತಿರ, ನಾನು ಬೇರೆಲ್ಲ ಮುಚ್ಚಿ ಅದೊಂದನ್ನೇ ತೆರೆದಿಡುತ್ತೇನೆ. ವಿಡಿಯೊ ಎಡಿಟಿಂಗ್, ದೊಡ್ಡ ಆಟ ಇದರಿಂದ ಆಗದು, ಕೇಳಲೂಬಾರದು.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ನೀವೇ ಲೆಕ್ಕ ಹಾಕಬಹುದು. ಅದರ ಮೇಲೆ ‘ವ್ಯಾಟ್ ಅವರ್’ ಅಂತ ಒಂದು ಸಂಖ್ಯೆ ಇರುತ್ತದೆ. ನನ್ನದರಲ್ಲಿ 38. ಪರದೆಯ ಬೆಳಕು ಇಳಿಸಿ ಬರೀ ಬರೆಯುತ್ತಿದ್ದರೆ ಸುಮಾರು 6 ವ್ಯಾಟ್ ಎಳೆಯುತ್ತದೆ. 38ನ್ನು 6ರಿಂದ ಭಾಗಿಸಿದರೆ ಆರು ಗಂಟೆಗಿಂತ ತುಸು ಹೆಚ್ಚು. ವಿಡಿಯೊ ನೋಡುತ್ತಾ 10 ವ್ಯಾಟ್ ಎಳೆದರೆ ನಾಲ್ಕು ಗಂಟೆಯೂ ಇಲ್ಲ.

ಹಂತ 5: ಮಳೆ, ತೇವ, ಸಿಡಿಲು

ಬಯಲುಸೀಮೆಯವರಿಗೆ ಧೂಳಿನ ಚಿಂತೆ. ನಮಗೆ ತೇವದ್ದು. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿಗೆ, ಚಪ್ಪಲಿಗೆ, ಚರ್ಮದ ಬೆಲ್ಟಿಗೆ ಬೂಷ್ಟು ಬರುತ್ತದೆ ಅಲ್ವಾ? ಅದೇ ಗಾಳಿ ಲ್ಯಾಪ್‌ಟಾಪ್‌ನ ಒಳಗೂ ಹೋಗುತ್ತದೆ. ಇದಕ್ಕೆ ಒಳ್ಳೆಯ ಮದ್ದು ದಿನಾ ಬಳಸುವುದು. ಯಂತ್ರ ಬೆಚ್ಚಗಾದರೆ ಒಳಗಿನ ತೇವ ಒಣಗುತ್ತದೆ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕಪಾಟಿನಲ್ಲಿ ಇಟ್ಟರೆ ಬೇಗ ಹಾಳಾಗುತ್ತದೆ. ಇಡಲೇಬೇಕಾದರೆ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ವಾರಕ್ಕೊಮ್ಮೆ ತೆಗೆದು ಅರ್ಧ ಗಂಟೆ ಓಡಿಸಿ.

ಎಸಿ ಕೋಣೆಯಿಂದ ಹೊರಗೆ ಬಂದ ಕೂಡಲೇ ಕನ್ನಡಕಕ್ಕೆ ಮಂಜು ಕೂರುವುದು ನೋಡಿರುತ್ತೀರಿ. ತಣ್ಣಗಿನ ಲ್ಯಾಪ್‌ಟಾಪ್‌ಗೂ ಹಾಗೆಯೇ ನೀರಹನಿ ಕೂರುತ್ತದೆ. ಎಸಿ ಬಸ್ಸಿನಿಂದ ಇಳಿದ ಮೇಲೆ ಬ್ಯಾಗಿನ ಒಳಗೇ ಅರ್ಧ ಗಂಟೆ ಬಿಟ್ಟು ಆಮೇಲೆ ತೆರೆಯಿರಿ. ಕಡಲತೀರದಲ್ಲಿ ಮಾತ್ರ ತೆರೆಯಲೇಬೇಡಿ. ಉಪ್ಪುಗಾಳಿಗೆ ಯುಎಸ್‌ಬಿ ತೂತಿನ ಲೋಹ ತುಕ್ಕು ಹಿಡಿಯುತ್ತದೆ.

ಬ್ಯಾಗಿನ ರೇನ್‌ಕವರ್ ನಂಬಿ ಕೂರಬೇಡಿ. ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ನಾನು ಲ್ಯಾಪ್‌ಟಾಪನ್ನು ಮೊದಲು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಾಯಿ ಮಡಚಿ, ಆಮೇಲೆ ಬ್ಯಾಗಿಗೆ ಇಳಿಸುತ್ತೇನೆ. ಒದ್ದೆ ಕೊಡೆಗೆ ಬೇರೆ ಚೀಲ. ಅಷ್ಟಾಗಿಯೂ ನೀರು ಹೋದರೆ ಪವರ್ ಬಟನ್ ಒತ್ತಿ ಹಿಡಿದು ಪೂರ್ತಿ ಆಫ್ ಮಾಡಿ. ಸರಿ ಇದೆಯಾ ನೋಡೋಣ ಅಂತ ಮತ್ತೆ ಆನ್ ಮಾಡಬೇಡಿ, ಚಾರ್ಜರ್ ಚುಚ್ಚಬೇಡಿ. ಅಕ್ಕಿಯಲ್ಲಿ ಹುಗಿದರೆ ಧೂಳು ಒಳಗೆ ಹೋಗುತ್ತದೆಯೇ ಹೊರತು ನೀರು ಹೊರಗೆ ಬರುವುದಿಲ್ಲ. ರಿಪೇರಿಯವರ ಹತ್ತಿರ ಬಿಚ್ಚಿಸಿ ಒಣಗಿಸಿ.

ಮುಂಗಾರಿಗೆ ಮೊದಲಿನ ಏಪ್ರಿಲ್, ಮೇ ಮತ್ತು ಮಳೆ ಹಿಂದೆ ಸರಿಯುವ ಅಕ್ಟೋಬರ್‌ ತಿಂಗಳ ಸಂಜೆಗಳಲ್ಲಿ ಸಿಡಿಲಿನ ಭಯ. ನನ್ನ ಮೊದಲ ಅಡಾಪ್ಟರ್ ಸುಟ್ಟದ್ದು ಅಂಥದ್ದೇ ಒಂದು ಸಂಜೆ. ಸ್ವಿಚ್ ಆಫ್ ಮಾಡಿದ್ದೆ, ಪಿನ್ ಕಿತ್ತಿರಲಿಲ್ಲ. ಹತ್ತಿರದಲ್ಲಿ ಸಿಡಿಲು ಹೊಡೆದರೆ ಸ್ವಿಚ್ಚಿನ ಸಣ್ಣ ಅಂತರ ಲೆಕ್ಕಕ್ಕೇ ಇಲ್ಲ, ಸ್ಪೈಕ್ ಬಸ್ಟರ್ ಕೂಡ ತಡೆಯುವುದು ಕಷ್ಟ. ಮೊದಲ ಗುಡುಗು ಕೇಳಿದಾಗಲೇ ಪಿನ್ ಕಿತ್ತುಬಿಡಿ. ರೂಟರಿನಿಂದ ಲ್ಯಾನ್ ಕೇಬಲ್ ಬಂದಿದ್ದರೆ ಅದನ್ನೂ. ಬ್ಯಾಟರಿಯಲ್ಲಿ ಕೆಲಸ ಮುಂದುವರಿಸಬಹುದು. ಡೆಸ್ಕ್‌ಟಾಪ್‌ಗೆ ಇಲ್ಲದ ಅನುಕೂಲ ಇದು.

ಹಂತ 6: ಎರಡನೇ ಪ್ರತಿ

ಇಎಂಎಂಸಿ ಕೆಟ್ಟರೆ ಅದರಲ್ಲಿರುವುದನ್ನು ವಾಪಸ್ ಪಡೆಯುವುದು ಬಹಳ ಕಷ್ಟ. ದಿನದ ಕೆಲಸ ಮುಗಿದ ಕೂಡಲೇ ಪೆನ್‌ಡ್ರೈವ್‌ಗೆ ಒಂದು ಪ್ರತಿ, ಗೂಗಲ್ ಡ್ರೈವ್‌ಗೆ ಒಂದು ಪ್ರತಿ. ಪೆನ್‌ಡ್ರೈವ್ ಬೇರೆ ಬ್ಯಾಗಿನಲ್ಲಿರಲಿ.

ಹಂತ 7: ಬ್ಯಾಟರಿಯ ಮೇಲೆ ಕಣ್ಣಿಡಿ

ಶೇಕಡಾ 80ಕ್ಕೆ ಚಾರ್ಜ್ ನಿಲ್ಲಿಸುವ ಸೆಟ್ಟಿಂಗ್ ಇದ್ದರೆ ಬಳಸಿ. ಎರಡು ಮೂರು ವರ್ಷ ಕಳೆದ ಮೇಲೆ, ಟಚ್‌ಪ್ಯಾಡ್ ಮೇಲೆದ್ದಂತೆ ಕಂಡರೆ ಅಥವಾ ಒತ್ತಿದಾಗ ‘ಟಕ್’ ಅನ್ನದಿದ್ದರೆ ಬ್ಯಾಟರಿ ಉಬ್ಬಿರಬಹುದು. ಅಂದೇ ಬಳಕೆ ನಿಲ್ಲಿಸಿ, ಚಾರ್ಜ್ ಮಾಡಬೇಡಿ, ನೀವೇ ಕೀಳಲೂ ಹೋಗಬೇಡಿ. ಹೊಸ ಬ್ಯಾಟರಿ ಹಾಕಿಸುವಾಗ ಹಳೆಯದರ ಮೇಲಿನ ಮಾಡೆಲ್ ನಂಬರ್ ಹೊಂದುತ್ತದೆಯಾ ಅಂತ ಎದುರಿಗೇ ನೋಡಿ. ಹಳೆಯದನ್ನು ಮನೆಗೆ ತಂದು ಕಸದ ಬುಟ್ಟಿಗೆ ಹಾಕಬೇಡಿ, ಇ-ತ್ಯಾಜ್ಯಕ್ಕೆ ಕೊಡಲು ಅಲ್ಲೇ ಹೇಳಿ ಬನ್ನಿ.