ಗಿಡಕ್ಕೆ ಬಾಯಾರಿದ ಮೇಲೆ ನೀರು: ರೊಬಸ್ಟಾ ಹೂವಿನ ನನ್ನ ಅನುಭವ

ಕೊಡಗಿನ ಸಿದ್ದಾಪುರದ ಕಡೆ ನಮ್ಮದು ರೊಬಸ್ಟಾ ಕಾಫಿ ತೋಟ. ಫೆಬ್ರವರಿ ಬಂತೆಂದರೆ ಸುತ್ತಮುತ್ತ ಒಂದೇ ಮಾತು: ಹೂವಿಗೆ ನೀರು ಯಾವಾಗ ಹೊಡೆಯುವುದು? ಕೊಯ್ಲು ಮುಗಿದ ಕೂಡಲೇ ಪೈಪು ಎಳೆಯುವವರಿದ್ದಾರೆ. ನಾನು ಎಳೆಯುವುದಿಲ್ಲ. ನೀರು ಕಂಡರೆ ಕಾಫಿ ಹೂ ಬಿಡುತ್ತದೆ ಎನ್ನುತ್ತಾರಲ್ಲ, ಅದರಲ್ಲಿ ಅರ್ಧ ಮಾತು ಬಿಟ್ಟುಹೋಗಿದೆ. ಮೊದಲು ಗಿಡಕ್ಕೆ ಬಾಯಾರಬೇಕು.

ಮಳೆಗಾಲ ಹಿಂದೆ ಸರಿದ ಮೇಲೆ ರೆಕ್ಕೆಗಳ (ಅಡ್ಡ ಕೊಂಬೆಗಳ) ಗೆಣ್ಣಿನಲ್ಲಿ ಮೊಗ್ಗು ಮೂಡಿ, ಕೆಲವೇ ಮಿಲಿಮೀಟರ್ ಬೆಳೆದು, ಅಲ್ಲಿಗೇ ನಿಂತುಬಿಡುತ್ತದೆ. ಈ ಸುಪ್ತಾವಸ್ಥೆ ಕಳೆಯಲು ಕೆಲವು ವಾರಗಳ ಒಣಹವೆ ಬೇಕು, ಅದರ ಬೆನ್ನಿಗೆ ಒಮ್ಮೆಲೇ ನೀರು ಬೇಕು. ನೆಲ ಸದಾ ಹಸಿಯಾಗಿದ್ದರೆ ಮೊಗ್ಗಿಗೆ ಏನೂ ಬದಲಾದಂತೆ ತಿಳಿಯುವುದೇ ಇಲ್ಲ. ಪ್ರಚೋದನೆ ಇರುವುದು ನೀರಿನಲ್ಲಿ ಮಾತ್ರವಲ್ಲ, ಒಣಗಿನಿಂದ ಹಸಿಗೆ ಆಗುವ ಆ ದಿಢೀರ್ ಬದಲಾವಣೆಯಲ್ಲಿ.

ಹದ ಬಂದಿದೆಯೇ ಎಂದು ನೋಡಲು ನಾನು ಬೆಳಿಗ್ಗೆ ಬಿಸಿಲೇರುವ ಮುಂಚೆ ತೋಟಕ್ಕಿಳಿಯುತ್ತೇನೆ. ಮಧ್ಯಾಹ್ನ ಎಲೆ ಜೋತುಬಿದ್ದದ್ದನ್ನು ಕಂಡು ಎಷ್ಟೋ ಜನ ಗಾಬರಿಯಾಗುತ್ತಾರೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ. ರಾತ್ರಿ ಬೇರು ನೀರೆಳೆದುಕೊಂಡು ಎಲೆ ಮತ್ತೆ ನೆಟ್ಟಗಾಗುತ್ತದೆ. ಬೆಳಗಿನ ತಂಪಿನಲ್ಲೂ ಎಲೆ ಸೋತಂತೆಯೇ ಇದ್ದರೆ ಗಿಡಕ್ಕೆ ನಿಜವಾಗಿ ಬಾಯಾರಿದೆ. ಹಾಗೆಂದು ಎಲೆ ಹಳದಿಯಾಗಿ ಉದುರುವ ತನಕ ಕಾಯಬಾರದು. ‘ಕೆರೆ ಇಳಿಯುತ್ತಿದೆ ಅಣ್ಣ, ಇನ್ನೂ ಕಾಯುವುದೇ?’ ಎಂದು ಪಕ್ಕದ ತೋಟದವನು ಪ್ರತಿ ವರ್ಷ ಕೇಳುತ್ತಾನೆ. ಅವನ ಚಿಂತೆ ನ್ಯಾಯವಾದದ್ದೇ. ಆದರೂ ‘ಎಲೆ ನೋಡು, ಕೆರೆ ನೋಡಬೇಡ’ ಎನ್ನುತ್ತೇನೆ.

ಹೊಡೆದರೆ ಅರೆಬರೆ ಹೊಡೆಯುವುದಿಲ್ಲ. ಸುಮಾರು ಒಂದೂವರೆ ಇಂಚು ಬೀಳಬೇಕು. ಗಿಡಗಳ ನಡುವೆ ಅಲ್ಲಲ್ಲಿ ಖಾಲಿ ಡಬ್ಬ ಇಟ್ಟು ಅಳೆಯುತ್ತೇನೆ. ಪಂಪ್ ಓಡಿದ ಗಂಟೆಯನ್ನು ನಂಬುವುದಿಲ್ಲ. ನನಗೆ ಭಯವಿರುವುದು ಹತ್ತಿಪ್ಪತ್ತು ಸೆಂಟ್ ಮಳೆಯದ್ದು (ನೂರು ಸೆಂಟ್ ಎಂದರೆ ಒಂದು ಇಂಚು). ಮೊಗ್ಗು ಎಚ್ಚೆತ್ತಿರುತ್ತದೆ, ಅರಳಿ ಮುಗಿಸಲು ನೀರಿರುವುದಿಲ್ಲ. ಆಗ ಎಸಳು ಗಿಡ್ಡವಾಗಿ, ಗಟ್ಟಿಯಾಗಿ ‘ಸ್ಟಾರ್ ಹೂ’ ಆಗುತ್ತದೆ. ಅದರಲ್ಲಿ ಕಾಯಿ ನಿಲ್ಲುವುದಿಲ್ಲ. ಅಂಥ ಮಳೆ ಬಿದ್ದರೆ ಮರುದಿನವೇ ಸ್ಪ್ರಿಂಕ್ಲರ್ ಹಚ್ಚಿ ಉಳಿದ ನೀರನ್ನು ತುಂಬಿಸುತ್ತೇನೆ.

ಮುಟ್ಟಿದರೆ ಮುನಿ ಕಣ್ಣೆದುರೇ ಎಲೆ ಮಡಚುತ್ತದೆ, ಮಕ್ಕಳಿಗೂ ಅದನ್ನು ತೋರಿಸಬಹುದು. ಕಾಫಿಯ ಉತ್ತರಕ್ಕೆ ವಾರ ಕಾಯಬೇಕು. ಮೂರು ನಾಲ್ಕು ದಿನಕ್ಕೆ ಹಸಿರು ಮೊಗ್ಗು ಬಿಳಚಿಕೊಂಡು ಉದ್ದವಾಗತೊಡಗುತ್ತದೆ. ಒಳಗೆ ಜಿಬ್ಬರೆಲಿನ್ ಎಂಬ ಹಾರ್ಮೋನ್ ಏರಿರುತ್ತದೆ, ಜೀವಕೋಶಗಳು ನೀರು ಹೀರಿ ಹಿಗ್ಗುತ್ತಿರುತ್ತವೆ. ಅರಳುವ ಹಿಂದಿನ ದಿನ ಗೆಣ್ಣುಗೆಣ್ಣಿನಲ್ಲೂ ಮೊಗ್ಗು ಮೇಣದ ಬತ್ತಿಯಂತೆ ನೆಟ್ಟಗೆ ನಿಂತಿರುತ್ತದೆ. ಎಂಟರಿಂದ ಹತ್ತು ದಿನದೊಳಗೆ ತೋಟ ಬೆಳ್ಳಗಾಗುತ್ತದೆ. ಆಗ ಸ್ಪ್ರಿಂಕ್ಲರ್ ಜೆಟ್ಟಿನ ನೀರು ಮುಟ್ಟಿದ ಅಂಚನ್ನು ಹುಡುಕಿ ನೋಡಿ: ಈಚೆಯ ಗಿಡ ತುಂಬ ಹೂ, ಎರಡು ಮಾರು ಆಚೆಯ ಗಿಡದಲ್ಲಿ ಹಸಿರು ಮೊಗ್ಗು ಹಾಗೆಯೇ ಇದೆ. ಒಂದೇ ಮಣ್ಣು, ಒಂದೇ ಬಿಸಿಲು. ಇದನ್ನು ಕಂಡಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹೂವಿರುವ ಎರಡು ಮೂರು ದಿನ ತೋಟದ ಆ ಬ್ಲಾಕಿನಲ್ಲಿ ಪಂಪ್ ಹಚ್ಚುವುದಿಲ್ಲ, ಯಾವ ಔಷಧಿಯನ್ನೂ ಸಿಂಪಡಿಸುವುದಿಲ್ಲ. ಅರೇಬಿಕಾ ಕಾಫಿ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು; ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಅದನ್ನು ತರುವುದು ಗಾಳಿ, ಹೆಜ್ಜೇನು, ತುಡುವೆ. ಅದಕ್ಕಾಗಿಯೇ ಒಂದು ಬ್ಲಾಕಿನ ನೀರನ್ನು ವಾರಗಟ್ಟಲೆ ಎಳೆಯದೆ ಬೇಗ ಮುಗಿಸುತ್ತೇನೆ, ಗಿಡಗಳೆಲ್ಲ ಒಟ್ಟಿಗೆ ಅರಳಲಿ ಎಂದು. ಹೂ ಕಂದಿದ ಮೇಲೆ, ಎರಡು ಮೂರು ವಾರದೊಳಗೆ ಮಳೆ ಬಾರದಿದ್ದರೆ ಬ್ಯಾಕಿಂಗ್‌ಗೆ, ಅಂದರೆ ಕಾಯಿ ನಿಲ್ಲಲು ಕೊಡುವ ಎರಡನೇ ನೀರಿಗೆ, ಇನ್ನೊಂದು ಇಂಚು ಕೊಡುತ್ತೇನೆ. ಕೆರೆಯಲ್ಲಿ ಅಷ್ಟು ನೀರನ್ನು ಮೊದಲೇ ತೆಗೆದಿಟ್ಟಿರುತ್ತೇನೆ.